ಪಾಂಡವರು ಕಟ್ಟದ ಪಾಂಡವರ ಮನೆ

ಭಾನುವಾರ ಬೆಳಗಾಯಿತೆಂದರೆ ದಾಬಸ್‌ಪೇಟೆಯ ಕೂಡುರಸ್ತೆಯಲ್ಲಿ ಬೆಂಗಳೂರಿನ ಸಂಸಾರಗಳಿಗೆ ಬರವಿಲ್ಲ. ತುಮಕೂರಿನ ಹೆದ್ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರು ಸಾಗಿಬಂದ ಕಾರುಗಳು ಇಲ್ಲಿ ಎಡಕ್ಕೆ ಹೊರಳಿ ಶಿವಗಂಗೆಯ ಹಾದಿ ಹಿಡಿಯುತ್ತವೆ. ಹಿಂದಿನ ಆಸನದಲ್ಲಿ ಬುತ್ತಿಯ ಡಬ್ಬಿಗಳು, ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುವೆವೆಂಬ ಮಕ್ಕಳು, ಒಂದು ಮೆಟ್ಟಿಲನ್ನೂ ಹತ್ತಲಾರೆನೆಂದು ಮನೆಯಲ್ಲೇ ಸಾರಿಬಿಟ್ಟ ಅಜ್ಜಿ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂದು ಹೆಸರಾದ ಬೆಟ್ಟ ಅದು. ಗಂಗಾಧರೇಶ್ವರನ ದರ್ಶನ, ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿ ನೀರು ಸಿಕ್ಕಿತೋ ಇಲ್ಲವೋ ಎಂಬ ಆತಂಕ, ಆ ಮೇಲೆ ಮಂಟಪದ ನೆರಳಿನಲ್ಲಿ ಪುಳಿಯೋಗರೆ. ಸಂಜೆಗೆ ಎಲ್ಲರೂ ಮನೆ ಸೇರುತ್ತಾರೆ.

ಇದರಲ್ಲಿ ದೋಷವೇನೂ ಇಲ್ಲ. ಆದರೆ ಈ ಸೀಮೆಯ ನೆಲದಲ್ಲಿ ದೇವಾಲಯಗಳಿಗಿಂತಲೂ ಕೋಟೆಗಳಿಗಿಂತಲೂ ಬಹು ಹಿಂದಿನವರ ಕೈಕೆಲಸ ಉಳಿದಿದೆ. ಅದನ್ನು ನೋಡಲು ಟಿಕೆಟಿಲ್ಲ, ಮೆಟ್ಟಿಲಿಲ್ಲ, ದಾರಿ ತೋರುವ ಹಲಗೆಯೂ ಸಾಮಾನ್ಯವಾಗಿ ಇಲ್ಲ. ಆದ್ದರಿಂದಲೇ ಅದನ್ನು ನೋಡದೆ ಹೋಗುವವರೇ ಹೆಚ್ಚು.

ದಾಬಸ್‌ಪೇಟೆ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಮೈಸೂರು ಸೀಮೆಯನ್ನು ಕಂಪನಿಯ ಪರವಾಗಿ ಮಾರ್ಕ್ ಕಬ್ಬನ್ ಆಳುತ್ತಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಅಧಿಕಾರಿಯಾಗಿದ್ದ ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಎಂಬಾತನ ಹೆಸರು ಈ ಪೇಟೆಗೆ ಅಂಟಿಕೊಂಡಿತು. ಇದು ಹತ್ತೊಂಬತ್ತನೆಯ ಶತಮಾನದ ಮಾತು. ಅಲ್ಲಿಂದ ಒಂದು ಮೆಟ್ಟಿಲು ಕೆಳಗಿಳಿದರೆ ಹೆದ್ದಾರಿಯ ಬದಿಯ ನಿಜಗಲ್ಲಿನ ಬೆಟ್ಟ. 1770ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಅದನ್ನು ಮುತ್ತಿ, ಬಹುಕಾಲ ಕಾದು, ಕಡೆಗೆ ಚಿತ್ರದುರ್ಗದ ಪಾಳೆಯಗಾರನ ನೆರವಿನಿಂದ ಹಿಡಿಯಿತು. ಇನ್ನೂ ಕೆಳಗಿಳಿದರೆ ಶಿವಗಂಗೆಯಲ್ಲಿ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ. ಆಕೆ 1131ರಲ್ಲಿ ಇಲ್ಲಿ ಮಡಿದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದ ಅಂಚಿನಿಂದ ಧುಮುಕಿದಳೆಂಬುದು ಜನರ ಬಾಯಿಯ ಕಥೆ. ಶಾಸನದಲ್ಲಿ ಆ ಮಾತಿಲ್ಲ. ಅದಕ್ಕೂ ಕೆಳಗೆ, ಇದೇ ನೆಲಮಂಗಲ ತಾಲ್ಲೂಕಿನ ಮಣ್ಣೆ. ಗಂಗರಸರ ಕಾಲದಲ್ಲಿ ಅದು ಮಾನ್ಯಪುರ. ಶ್ರೀಪುರುಷನಂಥ ದೊರೆಗೆ ನೆಲೆವೀಡಾಗಿದ್ದ ಪಟ್ಟಣ. ಅಲ್ಲಿ ದೊರೆತ ತಾಮ್ರಪಟಗಳಲ್ಲೊಂದರ ಕಾಲ ಕ್ರಿ.ಶ. 797. ಇಂದು ಹೊಲಗಳ ನಡುವೆ ಪಾಳುಗುಡಿಗಳಷ್ಟೇ ನಿಂತಿವೆ.

ಹೀಗೆ ಒಂದು ಕೂಡುರಸ್ತೆಯ ಸುತ್ತಲೇ ಮೆಟ್ಟಿಲು ಮೆಟ್ಟಿಲಾಗಿ ಸಾವಿರದಿನ್ನೂರು ವರ್ಷ ಹಿಂದಕ್ಕೆ ಇಳಿಯಬಹುದು. ಪ್ರತಿಯೊಂದು ಮೆಟ್ಟಿಲಿಗೂ ಒಬ್ಬರ ಹೆಸರುಂಟು. ಮಾನ್ಯಪುರದ ಕೆಳಗೆ ಮತ್ತೆರಡು ಸಾವಿರ ವರ್ಷಗಳ ಮೆಟ್ಟಿಲುಗಳಿವೆ. ಅಲ್ಲಿ ಜನರಿದ್ದರು, ಊರುಗಳಿದ್ದುವು, ಕಬ್ಬಿಣದ ಕುಲುಮೆಗಳಿದ್ದುವು. ಹೆಸರು ಮಾತ್ರ ಒಂದೂ ಇಲ್ಲ. ಇರುವುದು ಕಲ್ಲು.

ಇಂಥ ಕಲ್ಲುಗಳನ್ನು ಅರಸಿ ಹೊರಟ ಪಟ್ಟಣಿಗರು ಹಳ್ಳಿಯ ಅರಳೀಕಟ್ಟೆಯ ಮುಂದೆ ವಾಹನ ನಿಲ್ಲಿಸಿ, ‘ಇಲ್ಲಿ ಪ್ರಾಗೈತಿಹಾಸಿಕ ಶಿಲಾಸಮಾಧಿಗಳು ಎಲ್ಲಿವೆ?’ ಎಂದು ಕೇಳಿದರೆ, ‘ಅಂಗಂದ್ರೆ ಏನ್ ಸ್ವಾಮಿ?’ ಎಂಬ ಉತ್ತರವೇ ದೊರೆಯುವುದು. ‘ಯಜಮಾನ್ರೇ, ಈ ಕಡೆ ಪಾಂಡವರ ಮನೆ ಅಂತ ಹಳೇ ಕಲ್ಲುಚಪ್ಪಡಿ ಏನಾದ್ರೂ ಐತಾ?’ ಎಂದು ಕೇಳಿದರೆ ಮಾತು ಬೇರೆ. ‘ಓ, ಅದಾ? ಕೆರೆ ಏರಿ ದಾಟ್ಕೊಂಡು ಗುಡ್ಡದ ಮಗ್ಗುಲಿಗೆ ಹೋಗಿ. ದನ ಕಾಯೋ ಹುಡುಗ್ರು ತೋರಿಸ್ತಾರೆ. ಆದ್ರೆ ಸ್ವಾಮಿ, ಒಳಗೆ ಕೈ ಹಾಕ್ಬ್ಯಾಡಿ, ಹಾವಿರ್ತಾವೆ.’ ಪುರಾತತ್ವದ ಪಂಡಿತರ ಬಾಯಿಂದ ಬರುವ ಎಚ್ಚರಿಕೆಯೂ ಇದೇ. ಕಾರಣ ಮಾತ್ರ ಬೇರೆ.

ಕನ್ನಡನಾಡಿನಲ್ಲಿ ಕಟ್ಟಿದವರಾರೆಂದು ತಿಳಿಯದ ಕಲ್ಲಿನ ಕೆಲಸವೆಲ್ಲ ಪಾಂಡವರ ಲೆಕ್ಕಕ್ಕೆ ಜಮೆಯಾಗುತ್ತದೆ. ಹನ್ನೆರಡು ವರ್ಷ ವನವಾಸ ಮಾಡಿದವರು ಎಲ್ಲಿಯೋ ಒಂದು ಕಡೆ ಮಲಗಿರಲೇಬೇಕಷ್ಟೆ. ಭೀಮನಂಥ ಭೀಮ ಮೂರು ಮೊಳದ ಕಲ್ಲುಗೂಡಿನಲ್ಲಿ ಹೇಗೆ ಮಲಗಿದನೆಂದು ಯಾರೂ ಕೇಳುವುದಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಈ ತೊಡಕನ್ನು ಇನ್ನೊಂದು ಬಗೆಯಿಂದ ಬಿಡಿಸಿದ್ದಾರೆ. ಅಲ್ಲಿ ಇವು ‘ಮೊರೇರ ಮನೆ’. ಮೊರೇರೆಂದರೆ ಬಹು ಹಿಂದೆ ಇದ್ದ ಕುಳ್ಳರು, ಅವರ ಅಳತೆಗೆ ತಕ್ಕಂತೆ ಮನೆಗಳೂ ಕುಳ್ಳು. ಎರಡು ಕಥೆಗಳಲ್ಲೂ ಇವು ಮನೆಗಳೇ. ಹಳ್ಳಿಯವರ ಕಣ್ಣಿಗೆ ಅವು ಬಂಡೆಯಾಗಿ ಕಾಣಲಿಲ್ಲ, ಮನೆಯಾಗಿ ಕಂಡುವು. ಆದ್ದರಿಂದ ಇಷ್ಟು ಕಾಲ ಉಳಿದುವು. ‘ಇದು ಯಾರದೋ ಮನೆ’ ಎಂಬ ಅಂಜಿಕೆ ಸರಕಾರದ ಕಾಯಿದೆಗಿಂತ ಹಳೆಯ ಕಾವಲುಗಾರ.

ವಾಸ್ತವದಲ್ಲಿ ಇವು ಮನೆಗಳಲ್ಲ, ಸಮಾಧಿಗಳು. ಕಬ್ಬಿಣವನ್ನು ಕರಗಿಸಿ ಬಡಿಯಲು ಕಲಿತ ಜನ, ಸುಮಾರು ಕ್ರಿ.ಪೂ. ಸಾವಿರದ ಆಸುಪಾಸಿನಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ, ತಮ್ಮಲ್ಲಿ ಸತ್ತವರಿಗಾಗಿ ಕಟ್ಟಿದುವು. ಪಂಡಿತರು ಈ ಕಾಲಕ್ಕೆ ಬೃಹತ್ ಶಿಲಾಯುಗವೆಂದು ಹೆಸರಿಟ್ಟಿದ್ದಾರೆ. ಹೆಸರು ಗಂಭೀರವಾಗಿದೆಯಾದರೂ ತುಸು ದಾರಿತಪ್ಪಿಸುವಂಥದು. ಕಲ್ಲಿನ ಆಯುಧದ ಕಾಲ ಆಗಲೇ ಮುಗಿದಿತ್ತು. ಈ ಜನ ಕಬ್ಬಿಣದ ಕತ್ತಿ, ಕೊಡಲಿ, ಕುಡುಗೋಲು, ಬಾಣದ ಮೊನೆಗಳನ್ನು ಮಾಡುತ್ತಿದ್ದರು, ಬೆಳೆ ಬೆಳೆಯುತ್ತಿದ್ದರು, ದನ ಸಾಕುತ್ತಿದ್ದರು. ಬೃಹತ್ತಾದ ಕಲ್ಲನ್ನು ಅವರು ಮೀಸಲಿಟ್ಟುದು ಸತ್ತವರಿಗೆ. ಬದುಕಿದವರ ಗುಡಿಸಲು ಮರ, ಹುಲ್ಲು, ಮಣ್ಣಿನದು. ಅವು ಎಂದೋ ಅಳಿದುವು.

ಕಟ್ಟಡದ ಬಗೆಗಳು ಹಲವು. ಕೆಲವೆಡೆ ದುಂಡುಗಲ್ಲುಗಳನ್ನು ಬಳೆಯಂತೆ ಜೋಡಿಸಿದ ವೃತ್ತವಷ್ಟೇ ಮೇಲೆ ಕಾಣುತ್ತದೆ. ನಡುವೆ ಗುಂಡಿ ತೋಡಿ ಹೂಳಿರುತ್ತಾರೆ. ಕೆಲವೆಡೆ ಒಂಟಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ. ಆದರೆ ನೋಡುವವರ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕಲ್ಮನೆ. ನಾಲ್ಕು ಕಡೆ ನಾಲ್ಕು ಚಪ್ಪಡಿ, ಕೆಳಗೊಂದು ಹಾಸು, ಮೇಲೊಂದು ಮುಚ್ಚಳ. ಎಷ್ಟೋ ಕಡೆ ಇಡೀ ಪೆಟ್ಟಿಗೆ ನೆಲದೊಳಗೇ ಹೂತಿದ್ದು ಮುಚ್ಚಳದ ಬೆನ್ನು ಮಾತ್ರ ಹೊರಗೆ ಕಾಣುತ್ತದೆ. ಹಿರೇಬೆಣಕಲ್ಲಿನಂಥ ಕೆಲವು ಕಡೆ ನೆಲದ ಮೇಲೇ ನಿಂತಿರುತ್ತದೆ.

ಇಷ್ಟು ಕೇಳಿದರೆ ಇಸ್ಪೀಟಿನ ಎಲೆಗಳಿಂದ ಮಕ್ಕಳು ಕಟ್ಟುವ ಮನೆಯ ನೆನಪಾಗಬಹುದು. ಆದರೆ ಇಸ್ಪೀಟಿನ ಮನೆ ಮೂರು ನಿಮಿಷ ನಿಲ್ಲುವುದಿಲ್ಲ. ಇದು ಎರಡು ಮೂರು ಸಾವಿರ ವರ್ಷ ನಿಂತಿದೆ. ಅದರ ಗುಟ್ಟನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿನ ನಾಲ್ಕು ಚಪ್ಪಡಿಗಳೂ ಮೂಲೆಗೆ ಮೂಲೆ ಸರಿಯಾಗಿ ಕೂಡುವುದಿಲ್ಲ. ಪ್ರತಿಯೊಂದು ಚಪ್ಪಡಿಯೂ ಪಕ್ಕದ ಚಪ್ಪಡಿಯ ಅಂಚನ್ನು ದಾಟಿ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಒಂದು ಕಲ್ಲು ಒಳಕ್ಕೆ ಬೀಳಬೇಕಾದರೆ ಪಕ್ಕದ್ದು ಬಿಡದು. ಅದು ಬೀಳಲು ಅದರ ಪಕ್ಕದ್ದು ಬಿಡದು. ನಾಲ್ವರು ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದು ಚೌಕ ಕಟ್ಟಿ ನಿಂತಂತೆ. ಗಾರೆಯಿಲ್ಲ, ಮೊಳೆಯಿಲ್ಲ. ಇದನ್ನು ಮೊದಲು ಯೋಚಿಸಿದವನು ಇಂದು ಹುಟ್ಟಿದ್ದರೆ ಎಂಜಿನಿಯರಿಂಗ್ ಕಾಲೇಜಿನವರು ಕರೆದು ಕೂಡಿಸಿಕೊಳ್ಳುತ್ತಿದ್ದರು.

ಅಷ್ಟು ತೆಳುವಾದ, ಅಷ್ಟು ಅಗಲವಾದ ಚಪ್ಪಡಿಯನ್ನು ಎಬ್ಬಿಸುವುದೂ ಒಂದು ವಿದ್ಯೆ. ನಮ್ಮ ಸೀಮೆಯ ಬಂಡೆ ಈರುಳ್ಳಿಯಂತೆ ಪದರಪದರವಾಗಿ ಬಿಡುವ ಸ್ವಭಾವದ್ದು. ಬಂಡೆಯ ಮೇಲೆ ಸೌದೆಯ ಉರಿಯನ್ನು ಹದವಾಗಿ ಕಾಯಿಸುತ್ತ ಮೆಲ್ಲಗೆ ಮುಂದೆ ಸರಿಸುತ್ತ ಹೋದರೆ ಮೇಲಿನ ಪದರ ಹಿಗ್ಗಿ ಕೆಳಗಿನದರಿಂದ ಬೇರೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಬೆಂಗಳೂರಿನ ಕಲ್ಲುಕುಟಿಗರು ಹೀಗೆಯೇ ಚಪ್ಪಡಿ ಎಬ್ಬಿಸುತ್ತಿದ್ದರು. ಪದರ ಬಿಟ್ಟಿತೋ ಇಲ್ಲವೋ ಎಂಬುದನ್ನು ಸುತ್ತಿಗೆಯಿಂದ ತಟ್ಟಿ ಸದ್ದಿನಿಂದಲೇ ತಿಳಿಯುತ್ತಿದ್ದರು. ಹಲಸಿನ ಹಣ್ಣನ್ನು ತಟ್ಟಿ ನೋಡುವ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಲ್ಮನೆಯ ಒಂದು ಗೋಡೆಯಲ್ಲಿ, ಬಹುಮಟ್ಟಿಗೆ ಪೂರ್ವದ ಚಪ್ಪಡಿಯಲ್ಲಿ, ದುಂಡನೆಯ ಕಂಡಿಯೊಂದಿರುತ್ತದೆ. ಹೊರಗಿನಿಂದ ಅದನ್ನು ಇನ್ನೊಂದು ಕಲ್ಲಿನಿಂದ ಮುಚ್ಚಿರುವುದೂ ಉಂಟು. ಸತ್ತವರ ಕೋಣೆಗೆ ಕಿಟಕಿ ಏಕೆ? ಜೀವಾತ್ಮ ಹೋಗಿಬರಲೆಂದು ಕೆಲವರು ಹೇಳುತ್ತಾರೆ. ಆದರೆ ಒಳಗೆ ದೊರೆಯುವ ಮೂಳೆಗಳು ಇನ್ನೊಂದು ಕಾರಣವನ್ನೂ ಸೂಚಿಸುತ್ತವೆ. ಸಾಮಾನ್ಯವಾಗಿ ಅಲ್ಲಿ ಇಡೀ ಅಸ್ಥಿಪಂಜರ ಇರುವುದಿಲ್ಲ. ದೇಹವನ್ನು ಮೊದಲು ಬೇರೆಡೆ ಇಟ್ಟು, ಮಾಂಸ ಕಳೆದ ಮೇಲೆ ಆಯ್ದ ಕೆಲವು ಮೂಳೆಗಳನ್ನು ತಂದು ಇಲ್ಲಿ ಇಡುತ್ತಿದ್ದರು. ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆ ಸಿಗುವುದುಂಟು. ಅಂದರೆ ಮನೆಯಲ್ಲಿ ಮತ್ತೊಬ್ಬರು ಕಾಲವಾದಾಗ ಕಂಡಿಯ ಕಲ್ಲು ಸರಿಸಿ ಅವರನ್ನೂ ಒಳಗೆ ಸೇರಿಸುತ್ತಿದ್ದಿರಬೇಕು. ಅಜ್ಜನ ಬಳಿಗೆ ಮೊಮ್ಮಗ. ಹಾಗಾದರೆ ಹಳ್ಳಿಯವರು ಮನೆಯೆಂದುದು ಅಷ್ಟೇನೂ ತಪ್ಪಲ್ಲ.

ಮೂಳೆಗಳ ಜೊತೆಗೆ ಮಡಕೆಗಳು. ಹೆಂಗಸರು ಇವನ್ನು ವಸ್ತುಸಂಗ್ರಹಾಲಯದಲ್ಲಿ ಕಂಡರೆ ಸುಲಭವಾಗಿ ಗುರುತಿಸಬಹುದು: ಒಳಗೆಲ್ಲ ಕಪ್ಪು, ಹೊರಗೆ ಬಾಯಿಯ ಸುತ್ತ ಕಪ್ಪು, ಕೆಳಗೆ ಕೆಂಪು, ಮೈಯೆಲ್ಲ ಉಜ್ಜಿ ಹೊಳಪೇರಿಸಿದ್ದು. ಎರಡು ಬಣ್ಣ ಬಳಿದುದಲ್ಲ. ಮಡಕೆಯನ್ನು ಹುಲ್ಲು ಬೂದಿಗಳ ನಡುವೆ ಬೋರಲು ಹಾಕಿ ಸುಟ್ಟರೆ ಒಳಗಿನ ಮತ್ತು ಬಾಯಿಯ ಭಾಗಕ್ಕೆ ಗಾಳಿ ತಾಗದೆ ಕಪ್ಪಾಗುತ್ತದೆ. ಗಾಳಿಯಾಡುವ ಹೊರಮೈ ಕೆಂಪಾಗುತ್ತದೆ. ಒಂದೇ ಬೇಯಿಸುವಿಕೆಯಲ್ಲಿ ಎರಡು ಬಣ್ಣ. ಅಕ್ಕಿಯೋ ಹಿಟ್ಟೋ ನೀರೋ ತುಂಬಿ ಇಟ್ಟಿದ್ದಾರು. ದಾರಿಗೆ ಬುತ್ತಿ ಕಟ್ಟಿಕೊಡುವ ಪದ್ಧತಿ ಇಂದಿನದಲ್ಲ.

ಈ ಮಡಕೆಗಳಲ್ಲಿ ಕೆಲವುಗಳ ಮೈಮೇಲೆ ಸುಟ್ಟ ಮೇಲೆ ಗೀರಿದ ಗುರುತುಗಳಿರುತ್ತವೆ. ಗೀಟುಗಳು, ಬಾಣದಂಥವು, ಏಣಿಯಂಥವು. ದಕ್ಷಿಣದ ನಾನಾ ನೆಲೆಗಳಲ್ಲಿ ಇವು ಮತ್ತೆ ಮತ್ತೆ ಕಾಣಬರುತ್ತವೆ. ಮನೆತನದ ಗುರುತೋ, ಕುಂಬಾರನದೋ, ಬರಹದ ಮೊದಲ ತೊದಲೋ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ, ಓದಿದವರಾರೂ ಇಲ್ಲ. ಇಡೀ ಜನಾಂಗ ತನ್ನ ಹೆಸರನ್ನು ಹೇಳಲು ಮಾಡಿದ ಪ್ರಯತ್ನವೆಂದರೆ ಇದೊಂದೇ ಇರಬಹುದು.

ಈ ಮಾತಿಗೆ ಬ್ರಹ್ಮಗಿರಿಗಿಂತ ತಕ್ಕ ಸ್ಥಳವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡದ ಬಂಡೆಯೊಂದರ ಮೇಲೆ 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಪತ್ತೆಮಾಡಿದರು. ಕ್ರಿ.ಪೂ. ಮೂರನೆಯ ಶತಮಾನದ ಬರಹ. ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ತನ್ನ ಹೆಸರನ್ನೂ ಸೇರಿಸಿದ್ದಾನೆ: ಚಪಡ. ತಾನು ಲಿಪಿಕಾರನೆಂಬ ಮಾತನ್ನು ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇಲ್ಲಿನವರಾರಿಗೂ ಓದಲು ಬಾರದ ಅಕ್ಷರದಲ್ಲಿ ಬರೆದುದು ಜಂಬಕ್ಕೋ ಊರಿನ ನೆನಪಿಗೋ, ಅಂತೂ ಕನ್ನಡದ ನೆಲದಲ್ಲಿ ಸ್ವಂತ ಕೈಯಿಂದ ಹೆಸರು ಬರೆದಿಟ್ಟವರಲ್ಲಿ ಆತ ಮೊದಲಿಗರಲ್ಲೊಬ್ಬ. ಅದೇ ಬೆಟ್ಟದ ಸೆರಗಿನಲ್ಲಿಯೇ ನೂರಾರು ಕಲ್ಸಮಾಧಿಗಳಿವೆ. ಅಷ್ಟು ಭಾರದ ಕಲ್ಲುಗಳನ್ನು ಹೊತ್ತು ತಂದು ನಿಲ್ಲಿಸಿದವರಲ್ಲಿ ಒಬ್ಬನ ಹೆಸರೂ ಉಳಿಯಲಿಲ್ಲ. ಒಂದು ವಾಕ್ಯ ಗೀರಿದ ಗುಮಾಸ್ತೆಯ ಹೆಸರು ಉಳಿಯಿತು.

ಬ್ರಹ್ಮಗಿರಿಯಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆತ ನಡೆಸಿದ್ದರು. 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬಂದು ಅಲ್ಲಿನ ಸಮಾಧಿಗಳಲ್ಲಿ ಕೆಲವನ್ನು ಪದರಪದರವಾಗಿ ಬಿಡಿಸಿ ನೋಡಿದರು. ಅವುಗಳನ್ನು ಕ್ರಿ.ಪೂ. ಎರಡನೆಯ ಶತಮಾನದಿಂದೀಚಿನವೆಂದು ಅವರು ಲೆಕ್ಕಹಾಕಿದರು. ಆ ಲೆಕ್ಕ ನಿಲ್ಲಲಿಲ್ಲ. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣ ದೊರೆತ ಪದರದ ಇದ್ದಿಲು ಕ್ರಿ.ಪೂ. ಸಾವಿರದ ಸುಮಾರಿನ ಕಾಲವನ್ನು ತೋರಿಸಿತು. ಒಂದು ಹಿಡಿ ಇದ್ದಿಲು ಒಂದು ಜನಾಂಗವನ್ನು ಎಂಟುನೂರು ವರ್ಷ ಹಿಂದಕ್ಕೆ ಒಯ್ದಿತು. ಇದ್ದಿಲು ಅಲುಗದೆ ಅದೇ ಪದರದಲ್ಲಿ ಇದ್ದುದರಿಂದ ಅಷ್ಟು ಹೇಳಲು ಸಾಧ್ಯವಾಯಿತು. ಯಾರಾದರೂ ಮೊದಲೇ ಕೆದಕಿಟ್ಟಿದ್ದರೆ ಅದು ಬರಿಯ ಮಸಿ.

ಇನ್ನು ದಾಬಸ್‌ಪೇಟೆಗೆ ಮರಳಿ, ಅಲ್ಲಿಂದ ಹೊರಡುವವರ ಮಾತು. ಹತ್ತಿರದ ಹೆಸರಾಂತ ನೆಲೆಯೆಂದರೆ ಸಾವನದುರ್ಗ. ಶಿವಗಂಗೆಯ ಹಾದಿಯಲ್ಲೇ ದಕ್ಷಿಣಕ್ಕೆ ಸಾಗಿದರೆ ಮಾಗಡಿ. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಸಾವನದುರ್ಗದ ಏಕಶಿಲಾ ಬೆಟ್ಟ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಹಿಡಿದ ಕೋಟೆಯೆಂದು ಅದರ ಖ್ಯಾತಿ. ಬೆಟ್ಟದ ತಪ್ಪಲಿನ ಕಲ್ಸಮಾಧಿಗಳ ಖ್ಯಾತಿ ಅಷ್ಟಿಲ್ಲ. ಕ್ಯಾಪ್ಟನ್ ಬ್ರ್ಯಾನ್‌ಫಿಲ್ ಎಂಬ ಅಧಿಕಾರಿ ಅವನ್ನು ನೋಡಿ, ಅಳೆದು, 1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬರೆದ. ಅದಕ್ಕೂ ಹಿಂದೆ ಸುರಪುರದ ಸೀಮೆಯಲ್ಲಿ ಮೆಡೋಸ್ ಟೇಲರ್ ಇಂಥವನ್ನು ಅಗೆದು ನೋಡಿ, ತನ್ನ ತಾಯ್ನಾಡಿನ ಸಮಾಧಿಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಕಂಡು ಬೆರಗಾಗಿದ್ದ. ಠಗ್ಗರ ಕಥೆ ಬರೆದು ಹೆಸರಾದ ಟೇಲರನೇ ಈತ. ಆ ಕಾಲದ ಇಂಗ್ಲಿಷರಿಗೆ ನಮ್ಮ ಹೊಲದ ಕಲ್ಲುಗಳಲ್ಲಿ ಇದ್ದ ಕುತೂಹಲದ ಕಾಲುಪಾಲು ನಮಗಿದ್ದಿದ್ದರೆ ಎಷ್ಟೋ ಕಲ್ಲುಗಳು ಇಂದಿಗೂ ನಿಂತಿರುತ್ತಿದ್ದುವು.

ಪೂರ್ವಕ್ಕೆ ಹೊರಟವರಿಗೆ ಇತ್ತೀಚಿನ ವರ್ಷಗಳಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಬಳಸಿ ಹೊಸಕೋಟೆಗೆ ಹೋಗುವ ವರ್ತುಲ ಹೆದ್ದಾರಿ ಸಿದ್ಧವಾಗಿದೆ. ಆ ಹೆದ್ದಾರಿಯ ಆ ತುದಿಯ ಹೊಸಕೋಟೆ ತಾಲ್ಲೂಕಿನಲ್ಲಿಯೇ ಜಡಿಗೇನಹಳ್ಳಿ. 1957ರಲ್ಲಿ ಡಾ. ಎಂ. ಶೇಷಾದ್ರಿ ಅವರು ಅಲ್ಲಿನ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿ ಶೋಧಿಸಿ ವರದಿಯನ್ನು ಪ್ರಕಟಿಸಿದರು. ನಡುದಾರಿಯಲ್ಲಿ ದೇವನಹಳ್ಳಿಯಿಂದ ಬೆಂಗಳೂರಿನ ಕಡೆಗೆ ತಿರುಗಿದರೆ ಚಿಕ್ಕಜಾಲ. ಅಲ್ಲಿಯೂ ಈ ಕಾಲದ ನೆಲೆಯುಂಟು. ವಿಮಾನ ತಪ್ಪೀತೆಂಬ ಅವಸರದಲ್ಲಿ ದಿನವೂ ಸಾವಿರಾರು ಜನ ಅದರ ಮಗ್ಗುಲಲ್ಲೇ ಹಾದುಹೋಗುತ್ತಾರೆ.

ದೂರದ ಪ್ರಯಾಣಕ್ಕೆ ಸಿದ್ಧರಾದವರು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿಗೆ ಹೋಗಬೇಕು. ಗಂಗಾವತಿಯ ಬಳಿಯ ಆ ಗುಡ್ಡದ ಮೇಲೆ ಸುಮಾರು ನಾನೂರು ಸಮಾಧಿಗಳು ಊರಿನಂತೆ ಹಬ್ಬಿವೆ. ಮನುಷ್ಯನೊಬ್ಬ ತಲೆ ಬಗ್ಗಿಸದೆ ನಿಲ್ಲಬಹುದಾದಷ್ಟು ಎತ್ತರದವೂ ಇವೆ. ಕಲ್ಲೆಬ್ಬಿಸಿದ ಜಾಗ, ನೀರಿನ ಹೊಂಡ, ಬಂಡೆಯ ಮರೆಯಲ್ಲಿ ಬರೆದ ಚಿತ್ರಗಳು, ಬಡಿದರೆ ನಗಾರಿಯಂತೆ ಮೊಳಗುವ ದುಂಡುಬಂಡೆ, ಎಲ್ಲವೂ ಅಲ್ಲಿ ಒಂದೆಡೆ ಸಿಗುತ್ತವೆ. 2021ರಲ್ಲಿ ಅದು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಗುಡ್ಡ ಹತ್ತಲು ಒಳ್ಳೆಯ ಕಾಲು ಬೇಕು, ನೆರಳು ಕಡಿಮೆ, ಬೇಸಗೆಯಲ್ಲಿ ಹೋಗುವುದು ಸಾಹಸವಲ್ಲ, ಅವಿವೇಕ.

ಇಂಥ ತಾಣಗಳನ್ನು ನೋಡಲು ಸಂಕ್ರಾಂತಿಯ ಆಸುಪಾಸೇ ತಕ್ಕ ಕಾಲ. ಕೊಯ್ಲು ಮುಗಿದು ಹೊಲ ಬಯಲಾಗಿರುತ್ತದೆ, ಹುಲ್ಲು ಒಣಗಿ ಕಲ್ಲಿನ ಸಾಲು ಕಾಣುತ್ತದೆ, ಬೆಳಗಿನ ಓರೆಬಿಸಿಲಿನಲ್ಲಿ ನೆಲದ ಸಣ್ಣ ಉಬ್ಬೂ ನೆರಳು ಬಿಡುತ್ತದೆ. ಕೃಷಿಗೆ ಬಾರದ ಕಲ್ಲುನೆಲವನ್ನೇ ಆ ಜನ ಸಾಮಾನ್ಯವಾಗಿ ಮಸಣಕ್ಕೆ ಆರಿಸುತ್ತಿದ್ದರು. ಆದ್ದರಿಂದ ಗುಡ್ಡದ ಬುಡ, ಕೆರೆಯ ಮೇಲ್ಭಾಗದ ಬರಡುದಿಣ್ಣೆಗಳ ಕಡೆ ಕಣ್ಣಿಡಬೇಕು. ಹೊಲದ ಒಡೆಯರನ್ನು ಕೇಳಿ ಕಾಲಿಡುವುದು ಮರ್ಯಾದೆ. ಕಾಲಿಗೆ ಗಟ್ಟಿ ಜೋಡು ಇರಲಿ. ಭಾವಚಿತ್ರಕ್ಕಾಗಿ ಮಕ್ಕಳನ್ನು ಮುಚ್ಚಳದ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸುವ ತಂದೆಯರಿದ್ದಾರೆ. ತಮ್ಮ ಹಿರಿಯರ ಸಮಾಧಿಯ ಮೇಲೆ ಬೇರೆಯವರ ಮಕ್ಕಳು ಕುಣಿದರೆ ಅವರು ಏನೆಂದಾರು?

ಕುಣಿಯುವ ಮಕ್ಕಳಿಂದ ಆಗುವ ಕೇಡು ಸ್ವಲ್ಪ. ದೊಡ್ಡ ಕೇಡು ಎರಡು ಕಡೆಯಿಂದ ಬರುತ್ತಿದೆ. ಮೊದಲನೆಯದು ನಿಧಿಯ ಆಸೆ. ಪಾಂಡವರ ಮನೆಯೆಂದರೆ ಪಾಂಡವರ ಚಿನ್ನವೂ ಇರಬೇಕೆಂದು ನಂಬಿ ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿಯುವವರಿದ್ದಾರೆ. ಅವರಿಗೆ ದೊರೆಯುವುದು ಸಾಮಾನ್ಯವಾಗಿ ಮಡಕೆ, ಮೂಳೆ, ತುಕ್ಕು ತಿಂದ ಕಬ್ಬಿಣ, ಪುಣ್ಯವಿದ್ದರೆ ನಾಲ್ಕು ಮಣಿ. ಸಿಟ್ಟಿನಿಂದ ಮಡಕೆ ಒಡೆದು ಹೋಗುತ್ತಾರೆ. ನಾಲ್ಕು ಚಪ್ಪಡಿಗಳಲ್ಲಿ ಒಂದನ್ನು ಕಿತ್ತರೆ ಉಳಿದ ಮೂರು ತಾವಾಗಿಯೇ ಒಳಕ್ಕೆ ಮಗುಚುತ್ತವೆ. ಒಂದನ್ನೊಂದು ಹಿಡಿದು ನಿಂತುದರ ಫಲ ಅದು. ನೆಲದಲ್ಲಿ ದೊರೆತ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ಹೇಳುತ್ತದೆ. ಹತ್ತು ರೂಪಾಯಿ ಅಂದು ದೊಡ್ಡ ಮೊತ್ತ. ಇಂದು ಅಷ್ಟಕ್ಕೆ ಒಳ್ಳೆಯ ಕಾಫಿಯೂ ಬಾರದು.

ಎರಡನೆಯ ಕೇಡಿಗೆ ಅಮಾವಾಸ್ಯೆ ಬೇಕಿಲ್ಲ. ದಾಬಸ್‌ಪೇಟೆಯ ಸುತ್ತ ಸೋಂಪುರದ ಕೈಗಾರಿಕಾ ಪ್ರದೇಶ ಹಬ್ಬಿದೆ, ಹೆದ್ದಾರಿಗಳು ಬಂದಿವೆ, ನಿವೇಶನಗಳ ಹಲಗೆಗಳು ಹೊಲಹೊಲದಲ್ಲೂ ನಿಂತಿವೆ. ಜನರಿಗೆ ಕೆಲಸ ಬೇಕು, ಮನೆ ಬೇಕು, ರಸ್ತೆ ಬೇಕು, ಇದನ್ನು ಅಲ್ಲಗಳೆಯುವಂತಿಲ್ಲ. ಅದಕ್ಕೆಲ್ಲ ಜಲ್ಲಿ ಬೇಕು, ಜಲ್ಲಿಗೆ ಬಂಡೆ ಬೇಕು. ಕ್ರಷರಿನ ಬಾಯಿಗೆ ಬಂಡೆಯೂ ಒಂದೇ, ಬಂಡೆಯ ಮಗ್ಗುಲಿನ ಸಮಾಧಿಯೂ ಒಂದೇ. ಬುಲ್ಡೋಜರು ದಿಣ್ಣೆಯನ್ನು ಮಟ್ಟಮಾಡುವಾಗ ಕಲ್ಲಿನ ವೃತ್ತ ಅರ್ಧ ಗಂಟೆಯಲ್ಲಿ ಕಲ್ಲಿನ ರಾಶಿಯಾಗುತ್ತದೆ. 1958ರ ಕೇಂದ್ರದ ಕಾಯಿದೆ, 1961ರ ರಾಜ್ಯದ ಕಾಯಿದೆ ಎರಡೂ ಪ್ರಾಚೀನ ನೆಲೆಗಳನ್ನು ಕಾಯುತ್ತವೆ. 2010ರ ತಿದ್ದುಪಡಿಯ ಮೇಲೆ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಮತ್ತೆ ಇನ್ನೂರು ಮೀಟರು ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಆದರೆ ಕಾಯಿದೆ ಕಾಯುವುದು ರಕ್ಷಿತವೆಂದು ಘೋಷಿಸಿದುದನ್ನು. ಘೋಷಣೆಯಾಗಬೇಕಾದರೆ ಯಾರಾದರೂ ನೋಡಿರಬೇಕು, ಬರೆದಿರಬೇಕು, ಇಲಾಖೆಗೆ ತಿಳಿಸಿರಬೇಕು. ಊರಿನ ನಕ್ಷೆಯಲ್ಲಿ ಸಮಾಧಿಗೆ ಬೇರೆ ಬಣ್ಣವಿಲ್ಲ. ಅದು ‘ಕಲ್ಲು ಖರಾಬು’.

ಇಲ್ಲಿಯೇ ಭಾನುವಾರದ ಸಂಸಾರಕ್ಕೊಂದು ಕೆಲಸವಿದೆ. ಇಂಥ ಕಲ್ಲು ಕಂಡರೆ ಪಕ್ಕದಲ್ಲಿ ಒಂದು ಊರುಗೋಲನ್ನೋ ಮಕ್ಕಳ ಅಳತೆಪಟ್ಟಿಯನ್ನೋ ಇಟ್ಟು ನಾಲ್ಕು ಕಡೆಯಿಂದ ಚಿತ್ರ ತೆಗೆಯಬಹುದು. ಕಂಡಿ ಯಾವ ದಿಕ್ಕಿಗಿದೆ, ವೃತ್ತದ ಅಡ್ಡಳತೆ ಎಷ್ಟು ಹೆಜ್ಜೆ, ಸುತ್ತಮುತ್ತ ಇನ್ನೆಷ್ಟಿವೆ, ಹಳ್ಳಿಯವರು ಏನೆಂದು ಕರೆಯುತ್ತಾರೆ, ಹೊಲದ ಸರ್ವೆ ನಂಬರು ಯಾವುದು, ಇಷ್ಟನ್ನು ಬರೆದು ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಕಾಗದ ಹಾಕಬಹುದು. ಒಂದು ಚೂರು ಮಡಕೆಯನ್ನೂ ಮನೆಗೆ ತರಬಾರದು. ಅದು ಇದ್ದಲ್ಲಿ ಸಾಕ್ಷಿ, ಷೋಕೇಸಿನಲ್ಲಿ ಬರಿಯ ಬೋಕಿ. ಶಾಲೆಗೆ ಹೋಗುವ ಮಕ್ಕಳು ಈ ಲೆಕ್ಕ ಇಡುವ ಕೆಲಸವನ್ನು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ. ಕಂಡಿಯ ದಿಕ್ಕಿನ ವಿಷಯದಲ್ಲಿ ತಂದೆಯೊಡನೆ ವಾದಿಸುವ ಅವಕಾಶ ಅವರಿಗೆ ಇನ್ನೆಲ್ಲಿ ಸಿಕ್ಕೀತು!

ಮೆಟ್ಟಿಲು ಹತ್ತಲಾರೆನೆಂದ ಅಜ್ಜಿಯನ್ನೂ ಬಿಡಬೇಕಾಗಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1865ರಲ್ಲಿ ಆರಂಭವಾದ ಸರಕಾರಿ ವಸ್ತುಸಂಗ್ರಹಾಲಯವಿದೆ. ಚಂದ್ರವಳ್ಳಿಯೇ ಮೊದಲಾದ ಪ್ರಾಚೀನ ನೆಲೆಗಳಿಂದ ಬಂದ ವಸ್ತುಗಳು ಅಲ್ಲಿಗೆ ಸೇರಿವೆ. ಮಣ್ಣಿನ ಮಡಕೆಯಲ್ಲಿ ಅಡಿಗೆ ಮಾಡಿ ಬಲ್ಲ ಕೈ ಇಂದು ಮನೆಯಲ್ಲಿ ಅವರದೊಂದೇ. ಹಳೆಯ ಮಡಕೆಯ ಕಂಠ, ಮುಚ್ಚಳ, ಕೂರಿಸುವ ಸಿಂಬೆಗಳನ್ನು ನೋಡಿ, ಯಾವುದರಲ್ಲಿ ಅನ್ನ, ಯಾವುದರಲ್ಲಿ ನೀರು, ಯಾವುದರಲ್ಲಿ ಕಾಳು ಎಂದು ಅವರು ಹೇಳುವುದನ್ನು ಮಕ್ಕಳು ಗಾಜಿನ ಕೆಳಗಿನ ಚೀಟಿಯನ್ನು ಓದುವ ಮೊದಲೇ ಕೇಳಿಕೊಳ್ಳಲಿ.